ಗೂಬೆಗೆ ಜಾಗ ಕೊಟ್ಟ ನರ್ಸಮ್ಮ

"ಏನ್ ಮೇಡಮ್, ಬೆಳಬೆಳಗ್ಗೇನೇ ತೆಂಗಿನ ಮರ ನೋಡ್ಕಂಡು ಕೂತ್ಬುಟ್ಟಿದೀರ? ಯಜಮಾನ್ರ ಮೇಲೆ ಮುನಿಸಾ?"

ನರ್ಸಮ್ಮ ನನ್ನನ್ನು ಮೊದಲ ಸಲ ಮಾತಾಡಿಸಿದ್ದು ಹೀಗೆ. ಆಗ ನಾವು ಆ ಊರಿಗೆ ಹೊಸಬರು. ಕಿಬ್ಬನಹಳ್ಳಿಯಿಂದ ತುರುವೇಕೆರೆ ಕಡೆ ಹೋಗುವ ದಾರಿಯಲ್ಲಿ ಬಸ್ಸಿಳಿದು, ತೋಟಗಳ ನಡುವೆ ಸ್ವಲ್ಪ ನಡೆದರೆ ಸಿಗುವ ಊರು. ಯಜಮಾನರಿಗೆ ಅಲ್ಲಿನ ಹೈಸ್ಕೂಲಿನಲ್ಲಿ ಕೆಲಸ, ನನಗೆ ತಿಪಟೂರಿನ ಕಾಲೇಜಿನಲ್ಲಿ ಜೀವಶಾಸ್ತ್ರದ ಪಾಠ. ಬಾಡಿಗೆಗೆ ಹಿಡಿದ ಮನೆಯ ಹಿತ್ತಲ ಗೋಡೆಯಾಚೆ ನರ್ಸಮ್ಮನ ಹಿತ್ತಲು. ಅದರಾಚೆ ಸಿದ್ದಗಂಗಮ್ಮ ಎಂಬ ಹಿರಿಯರ ದೊಡ್ಡ ಮನೆ. ಮೂರೂ ಮನೆಗಳ ಹಿಂದೆ ಕಣ್ಣು ಹಾಯುವವರೆಗೂ ತೆಂಗು.

ಫೆಬ್ರವರಿಯ ಒಂದು ಬೆಳಗ್ಗೆ ನಾನು ಸ್ಟೂಲು ಹಾಕಿಕೊಂಡು, ಮೊಬೈಲು ಹಿಡಿದು, ಕತ್ತೆತ್ತಿ ಕೂತಿದ್ದೆ. ವರ್ಷಕ್ಕೊಮ್ಮೆ ಎಷ್ಟೋ ಊರುಗಳಲ್ಲಿ ಜನ ತಮ್ಮ ತಮ್ಮ ಹಿತ್ತಲಲ್ಲಿ ಕಾಲು ಗಂಟೆ ಕೂತು, ಕಂಡ ಹಕ್ಕಿಗಳನ್ನೆಲ್ಲ ಎಣಿಸಿ ಲೆಕ್ಕವನ್ನು ಪಕ್ಷಿತಜ್ಞರಿಗೆ ಕಳಿಸುತ್ತಾರೆ, ನಾನೂ ಅದನ್ನೇ ಮಾಡುತ್ತಿದ್ದೇನೆ ಎಂದು ಹೇಳಿದೆ. ಆಕೆ ಗೋಡೆಯ ಮೇಲೆ ಗದ್ದ ಊರಿ ಕೇಳಿಸಿಕೊಂಡರು.

"ಇದಕ್ಕೆ ಸಂಬಳ ಐತಾ?"

"ಇಲ್ಲ."

"ಮೇಲಿನೋರು ಬಂದು ಚೆಕ್ ಮಾಡ್ತಾರಾ?"

"ಇಲ್ಲಮ್ಮ. ಯಾವ ಹಕ್ಕಿ ಹೆಚ್ಚಾಯ್ತು, ಯಾವುದು ಕಮ್ಮಿ ಆಯ್ತು ಅಂತ ತಿಳ್ಕೊಳ್ಳೋಕೆ."

"ಓ, ಹುಟ್ಟು ಸಾವಿನ ಲೆಕ್ಕ ಇದ್ದಂಗೆ," ಎಂದು ಒಳಗೆ ಹೋದವರು ತಾವೂ ಒಂದು ಸ್ಟೂಲು ತಂದು ಹಾಕಿಕೊಂಡರು. "ಸರ್ಕಾರಕ್ಕೆ ನಾನು ಎಲ್ಲಾನೂ ಎಣಿಸಿ ಕೊಟ್ಟಿದೀನಿ ಕಣಮ್ಮ. ಬಸುರೀರು, ಬಾಣಂತೀರು, ಡ್ರಮ್ಮಿನ ನೀರಲ್ಲಿರೋ ಸೊಳ್ಳೆ ಮರಿ. ಹಕ್ಕಿ ಒಂದು ಬಾಕಿ ಇತ್ತು."

ಅವರಿಗೊಂದು ಹೆಸರಿತ್ತು. ಊರಲ್ಲಿ ಯಾರೂ ಅದನ್ನು ಬಳಸಿದ್ದನ್ನು ನಾನು ಕೇಳಲಿಲ್ಲ, ಹಾಗಾಗಿ ಇಲ್ಲಿಯೂ ಬೇಡ. ಚಿಕ್ಕನಾಯಕನಹಳ್ಳಿ ಕಡೆಯವರು. ಎಳೆಯ ಪ್ರಾಯದಲ್ಲೇ ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಆರೋಗ್ಯ ಉಪಕೇಂದ್ರದ ನರ್ಸಾಗಿ ಈ ಊರಿಗೆ ಬಂದವರು ನಿವೃತ್ತಿಯಾದ ಮೇಲೂ ಇಲ್ಲೇ ಉಳಿದರು. "ಹೋಗಾನ ಅಂದ್ರೆ ಅಲ್ಯಾರಿಗೂ ನಾನು ಗುರ್ತಿಲ್ಲ. ಇಲ್ಲಿ ಎಲ್ರ ಹೊಕ್ಕುಳೂ ನಂಗೆ ಗೊತ್ತು" ಎನ್ನುತ್ತಿದ್ದರು. ಅದು ನಿಜ. ಬೀದಿಯಲ್ಲಿ ಮೀಸೆ ತಿರುವಿಕೊಂಡು ಓಡಾಡುವ ಗಂಡಸರು ಕೂಡ ನರ್ಸಮ್ಮ ಎದುರಾದರೆ ಮೀಸೆಯಿಂದ ಕೈ ತೆಗೆಯುತ್ತಿದ್ದರು.

ಹಕ್ಕಿ ಗುರುತಿಸುವುದರಲ್ಲಿ ಅವರು ಅಷ್ಟಕ್ಕಷ್ಟೇ. ಪುಸ್ತಕದ ಹೆಸರುಗಳು ನಾಲಿಗೆಗೆ ಹತ್ತುತ್ತಿರಲಿಲ್ಲ. ತಾವೇ ಹೆಸರಿಟ್ಟುಕೊಂಡಿದ್ದರು. ಕಪ್ಪುಬಿಳಿ ಬಣ್ಣದ ಮಡಿವಾಳ ಹಕ್ಕಿ ಬಾಲ ನೆಟ್ಟಗೆ ಮಾಡಿಕೊಂಡು ಓಡಾಡುವುದನ್ನು ನೋಡಿ ಅದಕ್ಕೆ 'ಡಾಕ್ಟ್ರು' ಎಂದರು. ಗುಂಪುಗುಂಪಾಗಿ ನೆಲದ ಮೇಲೆ ಕುಪ್ಪಳಿಸಿ ಒಂದೇ ಸಮನೆ ಗದ್ದಲ ಮಾಡುವ ಹರಟೆಮಲ್ಲಗಳು 'ಆಶಾ ಕಾರ್ಯಕರ್ತೆಯರ ಮೀಟಿಂಗು'. "ಬರ್ಕಳಿ ಮೇಡಮ್, ಡಾಕ್ಟ್ರು ಇಬ್ರು, ಮೀಟಿಂಗು ಒಂದು" ಎಂದರೆ ನಾನು ಅದನ್ನು ಬಿಡಿಸಿಕೊಂಡು ಮೊಬೈಲಿಗೆ ಹಾಕಬೇಕು. ಕೂತು ಎಣಿಸುವಾಗ ಬಲಗೈಯ ಎರಡು ಬೆರಳು ತಾವಾಗಿ ಎಡಗೈಯ ಮಣಿಕಟ್ಟಿಗೆ ಹೋಗಿ ನಾಡಿಯ ಮೇಲೆ ಕೂರುತ್ತಿದ್ದವು. ಅದು ಅವರಿಗೇ ಗೊತ್ತಾಗುತ್ತಿರಲಿಲ್ಲ.

ಮಾರನೆಯ ವರ್ಷ ಎಣಿಕೆ ನನ್ನ ಕೈ ತಪ್ಪಿತು. ಪೋಲಿಯೋ ಭಾನುವಾರಕ್ಕೆ ಹೊರಟಂತೆ ನರ್ಸಮ್ಮ ಹಿಂದಿನ ದಿನವೇ ಮನೆಮನೆಗೆ ಹೊರಟರು. "ನಾಳೆ ಕಾಫಿ ಕುಡ್ದು ಎಲ್ರೂ ಹಿತ್ಲಲ್ಲಿ ಕೂತ್ಕಬೇಕು. ಹಕ್ಕಿ ಎಣಿಸ್ಬೇಕು. ಕಾಲು ಗಂಟೆ. ಬಾಯ್ ಮುಚ್ಕಂಡು." ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬೆಳಗ್ಗೆ ಸೀಮೆಸುಣ್ಣ ಹಿಡಿದು ಸುತ್ತಿ, ಎಣಿಸಿದ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಗೀಟು ಹಾಕಿದರು. ಗೀಟಿಲ್ಲದ ಮನೆಗೆ ಸಂಜೆ ಮತ್ತೆ ಹೋದರು.

ಆ ವರ್ಷ ಒಂದು ತಂಟೆಯೂ ಆಯಿತು. ಊರಿನಲ್ಲಿ ಇಬ್ಬರು ಅಣ್ಣತಮ್ಮಂದಿರು ತೋಟ ಪಾಲು ಮಾಡಿಕೊಂಡು ಮಾತು ಬಿಟ್ಟಿದ್ದರು. ಗಡಿಯ ಮೇಲಿದ್ದ ಒಂದು ಮರಕ್ಕೆ ಕೆಂಪು ಜುಟ್ಟಿನ ಮರಕುಟಿಗ ಬಂದು ಕೂತಿತು. ಇಬ್ಬರೂ ಅದನ್ನು ತಮ್ಮ ಲೆಕ್ಕಕ್ಕೆ ಬರೆಸಿದರು. ಒಂದೇ ಹಕ್ಕಿಯನ್ನು ಎರಡು ಸಲ ಎಣಿಸುವಂತಿಲ್ಲ ಎಂದು ನಾನು ಮೆಲ್ಲಗೆ ಹೇಳಿದ್ದೇ ತಪ್ಪಾಯಿತು.

"ಮರ ನನ್ನ ಪಾಲಿಗೆ ಬಂದಿರೋದು. ಹಕ್ಕಿನೂ ನಂದೇ," ಎಂದ ಅಣ್ಣ.

ನರ್ಸಮ್ಮ ಸೊಂಟದ ಮೇಲೆ ಕೈಯಿಟ್ಟರು. "ಪಾಲುಪತ್ರದಲ್ಲಿ ಮರಕುಟಿಗ ಬರ್ಸಿದೀಯೇನ್ಲಾ? ನೀನು ಹುಟ್ದಾಗ ಅಳ್ತಾನೇ ಇರ್ಲಿಲ್ಲ, ತಲೆಕೆಳಗು ಹಿಡ್ದು ಬೆನ್ನಿಗೆ ಬಾರ್ಸಿ ಅಳ್ಸಿದೀನಿ. ಇನ್ನೊಂದ್ಸಲ ಬಾರಿಸ್ಬೇಕಾ?" ತಮ್ಮ ಕಿಸಕ್ಕನೆ ನಕ್ಕ. ಅಣ್ಣನಿಗೂ ನಗು ಬಂದುಬಿಟ್ಟಿತು. ಅವರಿಬ್ಬರೂ ಅಂದಿನಿಂದ ಒಂದಾದರು ಎಂದೇನೂ ಹೇಳಲಾರೆ. ಮರಕುಟಿಗನ ಮಟ್ಟಿಗೆ ರಾಜಿಯಾಯಿತು.

ಪಟ್ಟಿಗಳನ್ನೆಲ್ಲ ಸೇರಿಸಿ ನೋಡಿದಾಗ ಗೂಬೆಯ ಹೆಸರು ಎಲ್ಲಿಯೂ ಇರಲಿಲ್ಲ. ಕಂಡರೆ ಒಳ್ಳೆಯದಾಗುತ್ತದೆ ಎನ್ನುವ ಕೆಂಬೂತ ಮಾತ್ರ ಎಲ್ಲರ ಹಿತ್ತಲಿಗೂ ಬಂದಿತ್ತು. "ದಿನಾ ಸಂಜೆ ಗೂಬೆ ಕೂಗೋದು ನಂಗೇ ಕೇಳ್ಸುತ್ತಲ್ಲಮ್ಮ" ಎಂದೆ.

"ಬಸುರೀರ ಲೆಕ್ಕ ತಗಳಕ್ಕೆ ಹೋದಾಗ್ಲೂ ಹಿಂಗೇ. ದೃಷ್ಟಿ ಆಯ್ತದೆ ಅಂತ ಯಾರೂ ಬಾಯಿ ಬುಡ್ತಿರ್ಲಿಲ್ಲ," ಎಂದರು. "ಇದು ಅದ್ರ ಉಲ್ಟಾ. ಹೆಸ್ರು ಹೇಳುದ್ರೆ ಮನೆಗೇ ಬಂದ್ಬುಡ್ತದೆ ಅಂತ ಭಯ."

ಗೂಬೆ ಆಗಲೇ ಮನೆಗೆ ಬಂದಾಗಿತ್ತು. ಅದು ಗೊತ್ತಾಗಿದ್ದು ಕೆಲವು ವಾರಗಳ ನಂತರ.

ನಮ್ಮ ಕಡೆ ಕೊಬ್ಬರಿಯಾಗಬೇಕಾದ ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ, ಒಣಗಿದ ತಿರುಳಿನ ಗಿಟುಕು ಚಿಪ್ಪಿನೊಳಗೆ ಲೊಟಲೊಟ ಎನ್ನುವವರೆಗೆ ಹೆಚ್ಚುಕಮ್ಮಿ ವರ್ಷ ಹಾಗೇ ಬಿಡುತ್ತಾರೆ. ಕೊಬ್ಬರಿಯ ವಾಸನೆಗೆ ಇಲಿ ಬರುತ್ತವೆ, ಇಲಿಯ ಆಸೆಗೆ ಗೂಬೆ. ಸಿದ್ದಗಂಗಮ್ಮನ ಮಗ ಮಲ್ಲೇಶ ಕಾಯಿ ಇಳಿಸಲು ಅಟ್ಟ ಹತ್ತಿದಾಗ ಮೂಲೆಯಿಂದ ಬುಸ್ ಎಂಬ ಸದ್ದು ಬಂತಂತೆ. ಹಾವೆಂದುಕೊಂಡು ಟಾರ್ಚು ಬಿಟ್ಟರೆ, ಬಿಳಿ ಹತ್ತಿಯ ಉಂಡೆಯಂಥ ಮರಿಗಳು. ಹೃದಯದಾಕಾರದ ಮುಖ, ಕಪ್ಪು ಕಣ್ಣು. ಕಣಜ ಗೂಬೆಯ ಮರಿಗಳವು.

ಬೇರೆ ಹೊತ್ತಿನಲ್ಲಾಗಿದ್ದರೆ ಏನಾಗುತ್ತಿತ್ತೋ. ಆಗ ಆ ಮನೆಯ ಸೊಸೆ ಪವಿತ್ರ ಏಳು ತಿಂಗಳ ಬಸುರಿ. ಹಿಂದೆ ಎರಡು ಸಲ ಗರ್ಭ ನಿಂತು, ನಿಂತಂತೆಯೇ ಹೋಗಿತ್ತು. ಅವಳು ಮಲಗುವ ಕೋಣೆ ಸರಿಯಾಗಿ ಆ ಅಟ್ಟದ ಕೆಳಗೆ. ಇಷ್ಟು ದಿನ ತನ್ನ ತಲೆಯ ಮೇಲೆ ಬುಸುಗುಡುತ್ತಿದ್ದುದು ಏನೆಂದು ತಿಳಿದ ಮೇಲೆ ಹುಡುಗಿ ಊಟ ಬಿಟ್ಟಳು. ಸಿದ್ದಗಂಗಮ್ಮ ಮಗನಿಗೆ ಮೆಣಸಿನಕಾಯಿ ಹೊಗೆ ಹಾಕಲು ಹೇಳಿದರು.

ಸುದ್ದಿ ತಿಳಿದ ನರ್ಸಮ್ಮ ಮೊದಲು ನಮ್ಮ ಮನೆಗೆ ಬಂದರು. ಯಾವತ್ತೂ ಹೊಸಿಲ ಹೊರಗಿಂದಲೇ ಮಾತು ಶುರು ಮಾಡುವವರು ಅಂದು ಒಳಗೆ ಬಂದು ಕೂತು, ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು.

"ನಿಜ ಹೇಳಿ ಮೇಡಮ್. ಏನೂ ಆಗಲ್ವಾ?"

"ಗೂಬೆಯಿಂದ ಏನೂ ಆಗಲ್ಲಮ್ಮ. ನಿಮಗೂ ಗೊತ್ತಲ್ಲ."

"ಗೊತ್ತು. ಆದ್ರೂ ನಾನೂ ಹಳ್ಳೀಲೇ ಹುಟ್ದೋಳು ಕಣ್ರೀ. ಅದು ಕೂಗುದ್ರೆ ಈಗ್ಲೂ ಎದೆ ಧಸಕ್ ಅಂತದೆ." ಆಮೇಲೆ ಲೆಕ್ಕ ಹಾಕುವವರಂತೆ ಹೇಳಿದರು: "ಗೂಬೆಯಿಂದ ಆಗಲ್ಲ. ಆದ್ರೆ ಆ ಹುಡ್ಗಿಗೆ ಏನಾದ್ರೂ ಆಗ್ಬೋದು. ಎರಡು ಹೋಗಿರೋ ಹೊಟ್ಟೆ. ಹಂಗೇನಾದ್ರೂ ಆದ್ರೆ ಅದು ಗೂಬೆ ತಲೆ ಮೇಲೆ ಬತ್ತದೆ. ಆಮೇಲೆ ಈ ಸೀಮೇಲಿ ಒಂದು ಗೂಬೇನೂ ಉಳ್ಸಲ್ಲ. ಈಗ್ಲೇ ಮರಿ ಸಾಯ್ಸಿದ್ರೆ ಅದೂ ಕೆಟ್ಟದ್ದೇ. ಹುಡ್ಗಿ ಹೊಟ್ಟೇಲಿ ಮಗು ಇಟ್ಕಂಡು, ಮರಿ ಸಾಯೋ ಸದ್ದು ಕೇಳ್ಬೇಕಾ?"

ಅವರು ಬುದ್ಧಿವಾದ ಹೇಳಲು ಹೋಗಲಿಲ್ಲ. ಮೂಢನಂಬಿಕೆ ಎಂಬ ಪದವನ್ನು ಅವರ ಬಾಯಲ್ಲಿ ನಾನು ಕೇಳಿಯೇ ಇಲ್ಲ. ಸೀದಾ ಸಿದ್ದಗಂಗಮ್ಮನ ಪಡಸಾಲೆಗೆ ಹೋಗಿ, "ನಿಮ್ಮನೇಲಿ ಬ್ಯಾಡ ಅಂದ್ರೆ ಬ್ಯಾಡ. ನಮ್ಮನೆಗೆ ಕೊಟ್ಬುಡಿ," ಎಂದರು.

ಸಿದ್ದಗಂಗಮ್ಮ ದಂಗಾದರು. "ಅಪಶಕುನ ಕಣೇ ಅದು. ಯಾರಾದ್ರೂ ಕೇಳಿ ಇಸ್ಕತಾರಾ?"

"ಗಂಡ ಹೋದ. ಮಕ್ಳಿಲ್ಲ. ಅಪಶಕುನ ನಮ್ಮನೆಗೆ ಬಂದು ಏನ್ ಮಾಡ್ತದೆ? ಅದಕ್ಕೆ ಅಲ್ಲಿ ಕೆಲ್ಸಾನೇ ಇಲ್ಲ."

ಅದನ್ನು ಅವರು ನಗುನಗುತ್ತಲೇ ಹೇಳಿದರು. ಪಕ್ಕದಲ್ಲಿದ್ದ ನನಗೆ ನಗಲಾಗಲಿಲ್ಲ.

ಅರಣ್ಯ ಇಲಾಖೆಯಲ್ಲಿದ್ದ ಪರಿಚಿತರೊಬ್ಬರಿಗೆ ಫೋನು ಮಾಡಿದೆ. ಅವರೇ ಬಂದು ನೋಡಿದರು. ಎರಡು ಮನೆಗಳ ಅಟ್ಟಗಳ ನಡುವೆ ಒಂದೇ ಗೋಡೆಯಿತ್ತು, ಎತ್ತರವೂ ಒಂದೇ. ಇಷ್ಟು ಹತ್ತಿರಕ್ಕೆ ಸಾಗಿಸಿದರೆ ಮರಿಗಳ ಕೂಗು ಕೇಳಿ ತಾಯಿತಂದೆ ಹುಡುಕಿಕೊಂಡು ಬರುವ ಸಂಭವ ಇದೆ, ಖಾತ್ರಿ ಇಲ್ಲ ಎಂದರು. ಮಲ್ಲೇಶ ಮುಖಕ್ಕೆ ಟವೆಲ್ ಸುತ್ತಿಕೊಂಡು ಹತ್ತಿದ. ಕೆಳಗೆ ನರ್ಸಮ್ಮ ಹಳೆಯ ಕಾಟನ್ ಸೀರೆ ಚಾಚಿ ನಿಂತಿದ್ದರು. ಮರಿಗಳನ್ನು ಒಂದೊಂದಾಗಿ ಇಸಿದುಕೊಂಡು, ತಲೆಯ ಹಿಂದೆ ಅಂಗೈ ಕೊಟ್ಟು, ಸುತ್ತಿ ಬುಟ್ಟಿಗೆ ಇಳಿಸಿದರು. ಪ್ರೆಷರ್ ಕುಕ್ಕರಿನಂತೆ ಬುಸುಗುಟ್ಟುತ್ತಿದ್ದ ಮರಿಗೆ "ಆಯ್ತು ಆಯ್ತು, ಅಳ್ಬ್ಯಾಡ" ಎನ್ನುತ್ತಿದ್ದರು.

ಬುಟ್ಟಿಯನ್ನು ಅವರ ಅಟ್ಟದಲ್ಲಿಟ್ಟು, ಹಿತ್ತಲ ಕಡೆಯ ಗವಾಕ್ಷಿಯ ಹಲಗೆ ತೆಗೆಸಿ, ನಾವು ಹಿತ್ತಲಲ್ಲಿ ಕೂತೆವು. ಮುಸ್ಸಂಜೆಯ ಬೆಳಕು ತೆಂಗಿನ ಗರಿಗಳ ಮೇಲಿಂದ ಇಳಿಯುತ್ತಿತ್ತು. ದೊಡ್ಡ ಗೂಬೆ ಬಂತು, ಸದ್ದೇ ಇಲ್ಲದೆ. ನೇರ ಸಿದ್ದಗಂಗಮ್ಮನ ಮನೆಯ ಕಿಂಡಿಗೆ ಹೋಯಿತು, ಹೊರಬಂತು. ಮತ್ತೆ ಹೋಯಿತು. ಒಂದು ಗರಿಯ ಮೇಲೆ ಕೂತು ತಲೆ ಅತ್ತಿತ್ತ ಆಡಿಸಿತು. ನರ್ಸಮ್ಮನ ಬೆರಳು ಮಣಿಕಟ್ಟಿನ ಮೇಲಿತ್ತು. ಅತ್ತ ಗೋಡೆಯಾಚೆ ಯಾರೋ ನಿಂತಿರುವುದು ನನಗೆ ಆಗ ಗೊತ್ತಾಯಿತು.

"ಬಂತೇನೇ?" ಎಂದರು ಸಿದ್ದಗಂಗಮ್ಮ, ಪಿಸುದನಿಯಲ್ಲಿ.

"ಶ್, ಸುಮ್ಕಿರಿ."

ಅಟ್ಟದೊಳಗೆ ಮರಿಗಳು ಬುಸುಗುಟ್ಟಿದವು. ಗೂಬೆ ಎದ್ದು, ಒಂದು ಸುತ್ತು ಹಾಕಿ, ನರ್ಸಮ್ಮನ ಗವಾಕ್ಷಿಯ ಅಂಚಿಗೆ ಬಂದು ಕೂತಿತು. ಬಾಯಲ್ಲಿ ಇಲಿಯಿತ್ತು. ಒಳಗೆ ಹೋಯಿತು. ಗೋಡೆಯಾಚೆ ಸಿದ್ದಗಂಗಮ್ಮ "ಶಿವಾ" ಎಂದು ಉಸಿರುಬಿಟ್ಟದ್ದು ನಮಗೆ ಕೇಳಿಸಿತು.

ಇದರ ಬೆಲೆಯನ್ನು ನರ್ಸಮ್ಮ ತೆತ್ತರು. ನಿವೃತ್ತಿಯ ನಂತರವೂ ಅವರ ಜಗಲಿಗೆ ದಿನವೂ ಜನ ಬರುತ್ತಿದ್ದರು. ಬಿ.ಪಿ. ನೋಡಿಸಿಕೊಳ್ಳಲು, ಮಗುವಿನ ಮೈ ಬಿಸಿ ಮುಟ್ಟಿ ನೋಡಿಸಲು, ಸುಮ್ಮನೆ ಮಾತಾಡಲು. ಗೂಬೆ ಸೇರಿದ ಮೇಲೆ ಒಬ್ಬೊಬ್ಬರೇ ನಿಂತರು. ಯಾರೂ ಜಗಳವಾಡಲಿಲ್ಲ, ಯಾರೂ ಏನೂ ಅನ್ನಲಿಲ್ಲ. ಬೀದಿಯ ಆ ಬದಿಯಿಂದ ನಕ್ಕು ಮುಂದೆ ಹೋಗುತ್ತಿದ್ದರು. ನಾನು ಕಾಲೇಜಿನಿಂದ ಬರುವಾಗ ಆಕೆ ಬಿ.ಪಿ. ಉಪಕರಣವನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬರೇ ಕೂತಿರುತ್ತಿದ್ದರು. "ಬನ್ನಿ ಮೇಡಮ್, ನಿಮ್ದಾದ್ರೂ ನೋಡಾನ" ಎಂದು ನನ್ನ ತೋಳಿಗೆ ಪಟ್ಟಿ ಸುತ್ತುತ್ತಿದ್ದರು. ಬೇಸರವೇ ಎಂದು ಕೇಳಿದರೆ "ಮರಿ ಹಾರೋ ತಂಕ ತಾನೇ" ಎಂದಷ್ಟೇ ಹೇಳಿದರು. ಕಣ್ಣು ಮಾತ್ರ ಬೀದಿಯ ಕಡೆಗಿರುತ್ತಿತ್ತು.

ಪವಿತ್ರಳಿಗೂ ಆ ಮನೆಗೆ ಹೋಗಬಾರದೆಂದು ಕಟ್ಟಪ್ಪಣೆಯಾಗಿತ್ತು. ಹೋಗಬಾರದು ಎಂದಿದ್ದರೇ ಹೊರತು ಕೈ ಚಾಚಬಾರದು ಎಂದು ಯಾರೂ ಹೇಳಿರಲಿಲ್ಲ. ಮಧ್ಯಾಹ್ನ ಅತ್ತೆ ಅಡ್ಡಾದಾಗ ಹುಡುಗಿ ಹಿತ್ತಲಿಗೆ ಬಂದು ಗೋಡೆಯ ಮೇಲೆ ತೋಳು ಚಾಚುತ್ತಿದ್ದಳು. ಈಚೆಯಿಂದ ನರ್ಸಮ್ಮ ಪಟ್ಟಿ ಸುತ್ತಿ ಬಿ.ಪಿ. ನೋಡುತ್ತಿದ್ದರು. ರಜೆಯ ದಿನಗಳಲ್ಲಿ ನಾನೇ ಇದನ್ನು ಕಂಡಿದ್ದೇನೆ. ಗೋಡೆಯ ಆಚೆಯೊಬ್ಬಳು, ಈಚೆಯೊಬ್ಬರು, ನಡುವೆ ಬಳೆ ತೊಟ್ಟ ಒಂದು ಕೈ.

ಅಂಥದೇ ಒಂದು ಮಧ್ಯಾಹ್ನ ನರ್ಸಮ್ಮ ಪಟ್ಟಿ ಬಿಚ್ಚಿ ಮತ್ತೆ ಸುತ್ತಿದರು. ಮತ್ತೊಮ್ಮೆ ನೋಡಿದರು.

"ತಲೆ ನೋಯ್ತಿದೆಯಾ ಮಗ?"

"ಬೆಳಗ್ಗಿಂದ. ಕಣ್ಣೂ ಮಂಜು ಮಂಜು."

"ಕಾಲು ತೋರ್ಸು." ಗೋಡೆಯ ಮೇಲಿಂದ ಬಗ್ಗಿ ನೋಡಿದರು. ಕಾಲು ಊದಿಕೊಂಡಿತ್ತು.

ಅವರು ಅಷ್ಟು ಬೇಗ ನಡೆದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಬೀದಿಗಿಳಿದು, ಸುತ್ತು ಹಾಕಿ, ತಾವು ಕಾಲಿಡಬಾರದೆಂದು ಇಡೀ ಮನೆ ಬಯಸುತ್ತಿದ್ದ ಹೊಸಿಲನ್ನು ದಾಟಿ ಒಳಗೆ ಹೋದರು. ನಾನೂ ಹಿಂದೆಯೇ ಓಡಿದೆ. ಹುಡುಗಿಯ ಬಿ.ಪಿ. ಏರಿದೆ ಎಂದು ಕೇಳಿದ ಸಿದ್ದಗಂಗಮ್ಮ ಎದ್ದು ಕೂತು, "ಆ ಹಾಳು ಗೂಬೆ ನೆರಳು ಇನ್ನೂ ಹೋಗಿಲ್ಲ. ನಾಳೆ ಸ್ವಾಮಿಗಳನ್ನ ಕರ್ಸಿ ಶಾಂತಿ ಮಾಡಿಸ್ತೀವಿ," ಎಂದರು.

"ಮಾಡ್ಸಿ. ದೊಡ್ಡದಾಗೇ ಮಾಡ್ಸಿ. ಆದ್ರೆ ಹುಡ್ಗೀನ ಈಗ ತಿಪಟೂರು ಆಸ್ಪತ್ರೆಗೆ ಕರ್ಕಂಡ್ ಹೋಗ್ತೀನಿ." ಸಿದ್ದಗಂಗಮ್ಮ ಬಾಯಿ ತೆರೆಯುವಷ್ಟರಲ್ಲಿ, "ಗೂಬೆ ಮರಿ ಬುಟ್ರೆ ನಾನು ನಿಮ್ಮನ್ನ ಇದುವರ್ಗೂ ಏನೂ ಕೇಳಿಲ್ಲ ಸಿದ್ದಗಂಗಮ್ಮ," ಎಂದರು. ದನಿ ಏರಲಿಲ್ಲ. ಮಲ್ಲೇಶ ತಾಯಿಯ ಮುಖ ನೋಡದೆ ಕಾರಿನ ಕೀ ತೆಗೆದುಕೊಂಡ.

ಅಂದೇ ಸಂಜೆ ಆಪರೇಷನ್ ಮಾಡಿ ಮಗು ತೆಗೆದರು. ತಡಮಾಡಿದ್ದರೆ ಇಬ್ಬರೂ ದಕ್ಕುತ್ತಿರಲಿಲ್ಲ ಎಂದರಂತೆ ಡಾಕ್ಟರು. ಹೆಣ್ಣುಮಗು, ಹಿಡಿಯಷ್ಟಿತ್ತು. ಕೆಲವು ವಾರ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಅಷ್ಟೂ ದಿನ ನರ್ಸಮ್ಮ ಊರು ಆಸ್ಪತ್ರೆ ಎಂದು ಬಸ್ಸಿನಲ್ಲಿ ಓಡಾಡಿದರು. ಸಂಜೆ ಬಂದವರು ಮೊದಲು ಅಟ್ಟದ ಕೆಳಗೆ ನಿಂತು ಕಿವಿಗೊಡುತ್ತಿದ್ದರು. "ಅಲ್ಲೂ ಉಸ್ರಾಡ್ತಿದಾಳೆ, ಇಲ್ಲೂ ಉಸ್ರಾಡ್ತಿದಾವೆ" ಎಂದು ನನಗೆ ವರದಿ ಒಪ್ಪಿಸಿ, ಆಮೇಲೆ ಕೈಕಾಲು ತೊಳೆಯುತ್ತಿದ್ದರು.

ಗೂಬೆ ಮರಿಗಳು ಹಾರಿದವು. ಮಗುವೂ ಮನೆಗೆ ಬಂತು. ನಾಮಕರಣ ಇಟ್ಟರು.

ನರ್ಸಮ್ಮ ಯಾವ ನಾಮಕರಣಕ್ಕೂ ಹೋಗುತ್ತಿರಲಿಲ್ಲ. ಹೆರಿಗೆಗೆ ಅವರೇ ಬೇಕು, ತೊಟ್ಟಿಲಿಗೆ ಹಾಕಲು ಮುತ್ತೈದೆಯರು ಬೇಕು. ಅದು ತಿಳಿದೇ ಅವರು ಪ್ರತಿ ಸಲವೂ ಮೊದಲೇ ಒಂದು ನೆಪ ಹೇಳಿಬಿಡುತ್ತಿದ್ದರು, ಯಾರಿಗೂ ಮುಜುಗರವಾಗದಂತೆ. ಅಂದೂ "ಮಂಡಿ ನೋವು" ಎಂದಿದ್ದರು. ನಾನು ಸೀರೆಯುಟ್ಟು ಹೊರಡುವ ಹೊತ್ತಿಗೆ ಸಿದ್ದಗಂಗಮ್ಮ ನರ್ಸಮ್ಮನ ಜಗಲಿಯ ಮುಂದೆ ನಿಂತಿದ್ದರು. ಹಣೆಯ ತುಂಬ ವಿಭೂತಿ, ಮಗ್ಗದ ಸೀರೆ.

"ನೀನ್ ಬರ್ದಿದ್ರೆ ತೊಟ್ಲು ತೂಗಲ್ಲ."

"ಮುತ್ತೈದೇರು ಬಂದಿದಾರಲ್ಲ, ಅವ್ರು ತೂಗ್ತಾರೆ ಬುಡಿ."

"ನಾನ್ಯಾವ ಮುತ್ತೈದೆ ಕಣೇ? ನಾನೂ ನಿನ್ನಂಗೇ." ಸಿದ್ದಗಂಗಮ್ಮ ಕೈ ಚಾಚಿದರು. "ಇಬ್ರೂ ಸೇರಿ ಮಲಗ್ಸಾನ ಬಾ."

ಇಬ್ಬರೂ ಸೇರಿಯೇ ಮಲಗಿಸಿದರು. ನೆಂಟರಲ್ಲಿ ಒಂದಿಬ್ಬರು ಮುಖ ಮುಖ ನೋಡಿಕೊಂಡರು. ಸಿದ್ದಗಂಗಮ್ಮ ಆ ಕಡೆ ತಿರುಗಲಿಲ್ಲ.

ಇದರಿಂದ ಸಿದ್ದಗಂಗಮ್ಮನ ನಂಬಿಕೆ ಬದಲಾಯಿತು ಎಂದುಕೊಂಡರೆ ಅದು ಸುಳ್ಳು. ಊಟಕ್ಕೆ ಕೂತವರಿಗೆಲ್ಲ ಅವರು ಹೇಳುತ್ತಿದ್ದುದೇ ಬೇರೆ: "ಗೂಬೆ ನಮ್ಮನೆ ಬುಟ್ಟು ಹೋಗಿದ್ದಕ್ಕೇ ಮಗು ಉಳೀತು." ನನಗೆ ಸಿಟ್ಟು ಬಂತು. ದಾರಿಯಲ್ಲಿ ನರ್ಸಮ್ಮನ ಹತ್ತಿರ ಅದನ್ನೇ ಆಡಿದೆ. ಅವರು ಹೋಳಿಗೆಯ ಪೊಟ್ಟಣ ಎದೆಗವಚಿಕೊಂಡು ಬಾಯಿತುಂಬ ನಕ್ಕರು.

"ಹಂಗೇ ಅನ್ಕಳ್ಲಿ ಬುಡಿ ಮೇಡಮ್. ಮಗೂನೂ ಐತೆ, ಗೂಬೇನೂ ಐತೆ. ಅವ್ರ ಮಾತು ಕಟ್ಕಂಡು ನಮ್ಗೇನಾಗ್ಬೇಕು?"

ಅವರಿಂದ ನಾನು ಕಲಿತದ್ದೇನೆಂದು ಯಾರಾದರೂ ಕೇಳಿದರೆ ಈ ಮಾತು ಹೇಳುತ್ತೇನೆ. ವಾದ ಗೆಲ್ಲುವುದು ಅವರಿಗೆ ಬೇಕಿರಲಿಲ್ಲ. ಉಸಿರಿರುವುದು ಉಸಿರಾಡುತ್ತಿದ್ದರೆ ಸಾಕಾಗಿತ್ತು.

ಜಗಲಿಗೆ ಜನ ನಿಧಾನಕ್ಕೆ ಮರಳಿದರು. ಗೂಬೆಗಳು ಪ್ರತಿ ವರ್ಷವೂ ಅವರ ಅಟ್ಟಕ್ಕೆ ಬಂದವು. ಫೆಬ್ರವರಿಯಲ್ಲಿ ಸೀಮೆಸುಣ್ಣದ ಸವಾರಿಯೂ ನಡೆಯಿತು. ಆ ಮಗು ನಡೆಯಲು ಕಲಿತ ಮೇಲೆ ಅದನ್ನೂ ಕಂಕುಳಲ್ಲಿ ಏರಿಸಿಕೊಂಡು ಹೊರಡುತ್ತಿದ್ದರು. ಅದು ಕಾಗೆಗೂ "ಡಾಕ್ತು" ಎನ್ನುತ್ತಿತ್ತು. ಕೊನೆಯ ಒಂದೆರಡು ವರ್ಷ ಮಂಡಿ ನಿಜವಾಗಿಯೂ ಕೈಕೊಟ್ಟಿತು. ಆಗ ಜಗಲಿಯಲ್ಲಿ ಕೂತೇ ಬೀದಿಯವರನ್ನೆಲ್ಲ ಕೂಗಿ ವಿಚಾರಿಸುತ್ತಿದ್ದರು.

ಈ ಸಲದ ಚಳಿಯಲ್ಲಿ, ಒಂದು ಬೆಳಗ್ಗೆ, ಅವರು ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು. ಮುಖದಲ್ಲಿ ನೋವಿನ ಗುರುತಿರಲಿಲ್ಲ.

ಊರಿಗೆ ಊರೇ ಬಂತು. ಹಜಾರದಲ್ಲಿ ಮಲಗಿಸಿದ್ದರು. ಹೆಂಗಸರು ಸುತ್ತ ಕೂತಿದ್ದರು. ಪವಿತ್ರ ಕಾಲ ಹತ್ತಿರ ತಲೆ ತಗ್ಗಿಸಿ ಕೂತಿದ್ದಳು. ನನಗೆ ಅಳುವಿನ ಜೊತೆಗೆ ಇನ್ನೊಂದು ಭಯವೂ ಇತ್ತು. ಆ ಮಾತು ಬಂದೇ ಬರುತ್ತದೆ ಎಂದು ಗೊತ್ತಿತ್ತು. ಬಂತು. ಪಕ್ಕದ ಊರಿನಿಂದ ಬಂದಿದ್ದ ಹೆಂಗಸೊಬ್ಬಳು ಅಟ್ಟದ ಕಡೆ ಕಣ್ಣು ಮೇಲೆತ್ತಿ, ಯಾರಿಗೂ ಅಲ್ಲವೆಂಬಂತೆ, "ಗೂಬೆ ಸೇರಿದ್ ಮನೆ. ಇನ್ನೇನಾಯ್ತದೆ?" ಎಂದಳು.

ಸಿದ್ದಗಂಗಮ್ಮ ನೆಲದ ಮೇಲೆ ಕೈಯೂರಿ ಅವಳ ಕಡೆ ತಿರುಗಿದರು.

"ಎಂಬತ್ ದಾಟಿತ್ತು ಕಣೇ ಇವ್ಳಿಗೆ. ನಿನ್ನೆ ರಾತ್ರಿ ಎರಡ್ ಮುದ್ದೆ ಉಂಡು ಮಲಗವ್ಳೆ. ಒಂದ್ ದಿನ ನರಳ್ಲಿಲ್ಲ, ಯಾರ ಕೈಲೂ ನೀರು ಬುಡುಸ್ಕಳ್ಲಿಲ್ಲ. ಗೂಬೆ ಸೇರುದ್ರೆ ಇಂತಾ ಸಾವು ಸಿಕ್ತದೆ ಅನ್ನಂಗಿದ್ರೆ ನೀನೂ ಸೇರಿಸ್ಕೋ ಹೋಗು, ನಾನೂ ಸೇರಿಸ್ಕತೀನಿ."

ಸಾವಿನ ಮನೆಯಲ್ಲಿ ಯಾರೋ ಫಕ್ಕನೆ ನಕ್ಕುಬಿಟ್ಟರು. ಇನ್ಯಾರಿಗೋ ಅದು ಅಂಟಿತು. ಕೂತಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆಯಲು ಒದ್ದಾಡುತ್ತಿರುವಾಗ ಸಿದ್ದಗಂಗಮ್ಮ ನರ್ಸಮ್ಮನ ತಣ್ಣನೆಯ ಕೈಯನ್ನು ಎತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದರು.